ಬೆಳಗಿನವಳ ಎಡ ಭುಜ

ಟಕ್ ಅಂತ ಏನೋ ಬಿತ್ತು, ಮೂವತ್ತೆರಡು, ಡಾಕ್ಟರ ಮನೆ, ಅಂದುಕೊಳ್ಳುವಷ್ಟರಲ್ಲಿ ಮಡಿಲಲ್ಲಿದ್ದ ಬಲಗೈ ತಾನಾಗಿ ಎದ್ದು ಗಾಳಿಯಲ್ಲಿ ವಯರು ತಡಕಿತು — ಸಾಕು ಸುಮ್ಮನಿರು, ಎಲ್ಲಿಯ ಮೂವತ್ತೆರಡು, ಆ ಡಾಕ್ಟರು ತೀರಿಕೊಂಡೇ ಇಪ್ಪತ್ತು ವರ್ಷವಾಯಿತು, ಬಿದ್ದದ್ದು ಯಾವುದೋ ಹುಡುಗಿಯ ಜಾಮಿಟ್ರಿ ಪೆಟ್ಟಿಗೆಯ ಮುಚ್ಚಳ, ಶಾಲೆಯ ಕರಕುಶಲ ಕೋಣೆಯ ಸಿಮೆಂಟು ನೆಲದ ಮೇಲೆ, ಹುಡುಗಿ ಬಗ್ಗಿ ಎತ್ತಿಕೊಂಡು ನಾಲಗೆ ಕಚ್ಚಿದಳು, ಇವಳು ಎತ್ತಿದ ಕೈಯನ್ನು ಹಾಗೇ ತಲೆಗೆ ತಿರುಗಿಸಿ ಕೂದಲಿನ ಪಿನ್ನು ಸರಿಮಾಡಿಕೊಂಡಂತೆ ನಟಿಸಿದಳು, ಅರವತ್ತೆಂಟು ವರ್ಷಕ್ಕೆ ನಟನೆ ಚೆನ್ನಾಗಿಯೇ ಬರುತ್ತದೆ. ಟಕ್. ಐವತ್ತು ಮನೆಗೆ ಐವತ್ತು ಹಿತ್ತಾಳೆಯ ರೆಪ್ಪೆಗಳು, ಹೆಬ್ಬೆರಳ ಉಗುರಿನಷ್ಟು ದೊಡ್ಡವು, ಮನೆಯಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಅವರ ನಂಬರಿನ ರೆಪ್ಪೆ ಟಕ್ಕನೆ ಬೀಳುತ್ತಿತ್ತು, ಬಿದ್ದ ಕೂಡಲೆ ಅದರ ಕೆಳಗಿನ ತೂತಿಗೆ ವಯರು ಚುಚ್ಚಿ ನಂಬರ್ ಹೇಳಿ ಅನ್ನಬೇಕು, ಅವರು ಹೇಳಿದ ನಂಬರಿನ ತೂತಿಗೆ ಜೋಡಿ ವಯರು ಚುಚ್ಚಿ ಇಲ್ಲಿನ ಹಿಡಿ ತಿರುಗಿಸಬೇಕು, ಅಷ್ಟೆ, ಊರಿನ ಇಬ್ಬರು ಮಾತಿಗೆ ಕೂತರು, ನಡುವೆ ನಿನ್ನ ಕೈ. ಬೆಳಗ್ಗೆ ಆರರಿಂದ ಎರಡರವರೆಗೆ ಒಬ್ಬಳು, ಎರಡರಿಂದ ಹತ್ತರವರೆಗೆ ಇವಳು, ಆಮೇಲೆ ನಿದ್ದೆಗಣ್ಣಿನ ಒಬ್ಬ ಮುದುಕ. ಊರಿಗೆ ಅವರ ಹೆಸರು ಬೇಕಿರಲಿಲ್ಲ, ಮುಖವೂ ಬೇಕಿರಲಿಲ್ಲ, ಫೋನೆತ್ತಿ ಯಾರು, ಬೆಳಗಿನವಳೇನಮ್ಮ, ಅನ್ನುವರು, ಅಲ್ಲ ಸಾರ್ ಮಧ್ಯಾಹ್ನದವಳು, ಅಂದರೆ ಓ ಎರಡು ಗಂಟೆ ಆಯ್ತಾ ಅಂತ ಗಡಿಯಾರ ಸರಿಮಾಡಿಕೊಳ್ಳುವರು. ಹತ್ತೊಂಬತ್ತನೇ ನಂಬರಿನ ಅಜ್ಜಿಯಂತೂ ಗಂಟೆ ಎಷ್ಟು ಅಂತ ಕೇಳುವುದಕ್ಕೇ ದಿನಕ್ಕೆ ನಾಲ್ಕು ಸಲ ಹಿಡಿ ತಿರುಗಿಸುತ್ತಿದ್ದಳು, ಮನೆಯ ಗೋಡೆಯ ಮೇಲೆ ಗಡಿಯಾರ ಇತ್ತು, ಮಾತಾಡುವವರು ಇರಲಿಲ್ಲ.

ಅಜ್ಜೀ, ಬಟ್ಟೆ ತೆಗೀತೀವಿ ಈಗ, ನೋಡಿ, ಅಂದಳು ಕನ್ನಡಕದ ಹುಡುಗಿ, ಪಕ್ಕದ ಮನೆಯವಳು, ನಾಲ್ಕು ವರ್ಷದವಳಿದ್ದಾಗ ಇವಳ ಕಾಂಪೌಂಡಿಗೆ ಚೆಂಡು ಎಸೆದು ತಾನೇ ಬಂದು ಅಳುತ್ತಿದ್ದವಳು, ಈಗ ಒಂಬತ್ತನೇ ಕ್ಲಾಸು, ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡು ದೊಡ್ಡ ಇಂಜಿನಿಯರ್ ಹಾಗೆ ನಿಂತಿದ್ದಾಳೆ. ಅವಳ ಜೊತೆಗಾತಿ, ಮೊಣಕೈವರೆಗೂ ಮಣ್ಣು ಮೆತ್ತಿಕೊಂಡ ದಪ್ಪ ಹುಡುಗಿ, ಒದ್ದೆ ಬಟ್ಟೆಯನ್ನು ಸ್ನಾನ ಮಾಡಿಸಿದ ಮಗುವಿನ ಮೈಮೇಲಿನಿಂದ ತೆಗೆಯುವಂತೆ ಮೆಲ್ಲಗೆ ತೆಗೆದಳು. ಇವರ ಚರಿತ್ರೆ ಮೇಷ್ಟ್ರು ಈ ವರ್ಷ ಪರೀಕ್ಷೆಗೆ ಬದಲು ಒಂದು ಕೆಲಸ ಕೊಟ್ಟಿದ್ದಾರಂತೆ, ಊರು ಮರೆತಿರೋದು ಯಾವುದಾದ್ರೂ ಒಂದನ್ನ ಹುಡುಕಿ, ಗೊತ್ತಿರೋರನ್ನ ಕೇಳಿ, ಅದಕ್ಕೊಂದು ಸ್ಮಾರಕ ಮಾಡಿ, ಅಂತ. ಕೋಣೆಯ ಆ ಮೂಲೆಯಲ್ಲಿ ಮುಚ್ಚಿಹೋದ ಚಿತ್ರಮಂದಿರದ ಟಿಕೆಟ್ ಕಿಂಡಿ ನಿಂತಿದೆ, ಕೈ ತೂರಿಸುವಷ್ಟೇ ಕಿಂಡಿ, ಕಿಟಕಿಯ ಹತ್ತಿರ ಒಡೆದುಹಾಕಿದ ಓಣಿಯ ಮನೆಗಳ ಬಾಗಿಲ ಚಿಲಕಗಳನ್ನೆಲ್ಲ ಯಾರೋ ಒಂದು ಹಲಗೆಗೆ ಮೊಳೆ ಹೊಡೆದು ಸಾಲಾಗಿ ಕೂರಿಸಿದ್ದಾರೆ, ನಡುವಿನ ಮೇಜಿನ ಮೇಲೆ — ಇದು. ಕುರ್ಚಿ, ಕುರ್ಚಿಯಲ್ಲಿ ಕೂತ ಹೆಂಗಸು, ಅವಳ ಮುಂದೆ ಹಲಗೆಯ ಬೋರ್ಡು, ಬೋರ್ಡಿನಲ್ಲಿ ತೂತುಗಳು, ಹದಿನೇಳು ತೂತುಗಳಲ್ಲಿ ಹದಿನೇಳು ಕೆಂಪು ವಯರು. ಹೆಂಗಸು ಬೋರ್ಡಿನ ಕಡೆಗೆ ಮುಖ ಮಾಡಿದ್ದಾಳೆ, ನೋಡುವವರಿಗೆ ಬೆನ್ನು. ಮುಖದ ಫೋಟೋ ಎಲ್ಲೂ ಸಿಗಲಿಲ್ಲ ಅಜ್ಜಿ, ಅದಕ್ಕೇ ಹಿಂದಿನಿಂದ ಮಾಡಿದ್ವಿ, ಬೇಜಾರಾಯ್ತಾ, ಅಂತ ಮಣ್ಣಿನ ಹುಡುಗಿ ಕೇಳುತ್ತಿದ್ದಾಳೆ. ಎಲ್ಲಿಯ ಬೇಜಾರು. ಈ ಮಕ್ಕಳಿಗೆ ಹೇಗೆ ಗೊತ್ತಾಯಿತು, ಇವಳಿಗೆ ಬೆಳಗಿನವಳು ಗೊತ್ತಿದ್ದದ್ದೇ ಹಿಂದಿನಿಂದ, ನಾಲ್ಕು ವರ್ಷ, ದಿನವೂ ಎರಡು ಗಂಟೆಗೆ ಬಾಗಿಲು ದೂಡಿದರೆ ಮೊದಲು ಕಾಣುತ್ತಿದ್ದದ್ದು ಆ ಬೆನ್ನು, ಒಂಟಿ ಜಡೆ, ತಲೆಯ ಮೇಲೆ ಹೆಡ್‌ಸೆಟ್ಟಿನ ಕಮಾನು, ಅದರ ಅಡಿಗೆ ಕೂದಲು ನೋಯಬಾರದು ಅಂತ ಮಡಿಸಿ ಇಟ್ಟ ಕರವಸ್ತ್ರ. ಕರವಸ್ತ್ರ ಕೂಡ ಮಾಡಿದ್ದಾರೆ ಈ ಪೋರಿಯರು, ಇವಳು ಯಾವಾಗಲೋ ಮಾತಿಗೆ ಹೇಳಿದ್ದನ್ನು ನೆನಪಿಟ್ಟುಕೊಂಡು.

ಏನೋ ಸರಿಯಿಲ್ಲ ಅನ್ನಿಸ್ತಿದೆ ಅಲ್ವಾ ಅಜ್ಜಿ, ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ, ಹೇಳಿಬಿಡಿ, ಮಣ್ಣು ಇನ್ನೂ ಹಸಿ ಇದೆ, ನಾಳೆ ಆದ್ರೆ ಆಗಲ್ಲ. ಸರಿಯಿಲ್ಲ, ಹೌದು, ಎಲ್ಲ ಸರಿಯಿದೆ, ಜಡೆ ಸರಿ, ಕುರ್ಚಿಯ ಅಂಚಿಗೆ ಕೂರುವ ರೀತಿ ಸರಿ, ಆದರೆ ಭುಜ, ಎರಡು ಭುಜವೂ ತಕ್ಕಡಿ ಹಿಡಿದ ಹಾಗೆ ಸಮ, ಅದೇ ತಪ್ಪು, ಎಡ ಭುಜ ಸ್ವಲ್ಪ ಮೇಲಿರಬೇಕು ಕಣಮ್ಮ, ಅಂದುಬಿಟ್ಟಳು ಇವಳು, ಒಂದು ಬೆರಳಿನಷ್ಟು. ಅಂದಮೇಲೆ ಬಾಯಿ ಯಾಕಾದರೂ ಬಿಟ್ಟೆನೋ ಅನ್ನಿಸಿತು. ಮಣ್ಣಿನ ಹುಡುಗಿ ಆಗಲೇ ನೀರಿನ ಡಬ್ಬಿಗೆ ಕೈ ಅದ್ದಿ ಒಂದು ಉಂಡೆ ಮಣ್ಣು ಕಿತ್ತು ಭುಜಕ್ಕೆ ಮೆತ್ತುತ್ತಿದ್ದಾಳೆ, ಹೀಗಾ, ಇನ್ನೂ ಸ್ವಲ್ಪ, ಇನ್ನೂ, ಹಾಂ ಸಾಕು — ಸಾಕು, ದೇವರೇ, ಸಾಕು, ಅವಳೇ. ಎರಡು ಗಂಟೆಗೆ ಐದು ನಿಮಿಷ ಇರುವಾಗ ಆ ಭುಜ ಏಳುತ್ತಿತ್ತು. ಕಿವಿಯ ತುಂಬ ಹೆಡ್‌ಸೆಟ್ಟು, ಬಾಯಿಯಲ್ಲಿ ಯಾರದೋ ನಂಬರು, ಬಂದವಳನ್ನು ತಿರುಗಿ ನೋಡುವ ಹಾಗಿಲ್ಲ, ಬಂದವಳು ಕೂಗಿದರೆ ಲೈನಿನಲ್ಲಿದ್ದವರಿಗೆ ಕೇಳುತ್ತದೆ, ಆದ್ದರಿಂದ ಆಫೀಸಿನ ವಾಡಿಕೆ, ಪಾಳಿಗೆ ಬಂದವಳು ಹಿಂದಿನಿಂದ ಬಂದು ಎಡ ಭುಜದ ಮೇಲೆ ಕೈ ಇಡಬೇಕು, ಬಲಗೈ ವಯರು ಚುಚ್ಚುತ್ತಿರುತ್ತದಲ್ಲ, ಅದಕ್ಕೆ ಎಡ. ಕೈ ಇಟ್ಟು, ಬಂದೆ, ಏಳು, ಅನ್ನಬೇಕು ಪಿಸುಮಾತಿನಲ್ಲಿ. ಕೂತವಳು ಎದ್ದೆ, ಕೂರು, ಅಂತ ಹೆಡ್‌ಸೆಟ್ಟು ತೆಗೆದು ಕೊಡಬೇಕು. ಕೈ ಬೀಳುವವರೆಗೆ ಏಳಕೂಡದು, ಹೊಟ್ಟೆನೋವಿರಲಿ, ಸಿಡಿಲೇ ಬಡಿಯಲಿ, ಬೋರ್ಡು ಒಂದು ಕ್ಷಣವೂ ಖಾಲಿ ಇರಬಾರದು. ರೂಲ್ಸ್ ಪುಸ್ತಕದಲ್ಲಿ ಕೈ ಇಡುವ ಮಾತಿಲ್ಲ, ಇವರಿಗಿಂತ ಮುಂಚೆ ಇದ್ದವರು ಮಾಡಿಕೊಂಡದ್ದು, ಇವರೂ ಹಾಗೇ ಮುಂದುವರಿಸಿದ್ದು. ಅವಳ ಭುಜ ಮಾತ್ರ ಕೈಗಾಗಿ ಐದು ನಿಮಿಷ ಮುಂಚೆಯೇ ಏಳುತ್ತಿತ್ತು, ಹಸಿವಾದವರು ತಟ್ಟೆ ಮುಂದೆ ಹಿಡಿದ ಹಾಗೆ, ಕೈ ಬಿದ್ದ ಮೇಲೆಯೇ ಇಳಿಯುತ್ತಿತ್ತು. ನಿನ್ನ ಭುಜಕ್ಕೆ ಗಡಿಯಾರ ಕಟ್ಟಿದ್ದೀಯೇನೆ, ಅಂತ ಇವಳು ರೇಗಿಸಿದರೆ, ಎಂಟು ಗಂಟೆ ಕೂತು ನೋಡು ಗೊತ್ತಾಗುತ್ತೆ, ಅನ್ನುವಳು, ನಾನೂ ಎಂಟು ಗಂಟೆನೇ ಕೂರೋದು ಕಣೆ, ಅಂತ ಇವಳಂದರೆ, ನಿಂದು ಮಧ್ಯಾಹ್ನದ ಎಂಟು ಗಂಟೆ, ಮುಕ್ಕಾಲು ಊರು ಮಲಗಿರುತ್ತೆ, ನಂದು ಬೆಳಗಿನ ಎಂಟು ಗಂಟೆ, ಎಲ್ಲರಿಗೂ ಎಲ್ಲರ ಹತ್ರನೂ ಬೇಕಾದ್ದೆಲ್ಲ ಬೆಳಗ್ಗೆನೇ ಜ್ಞಾಪಕ ಬರೋದು.

ದಿನಕ್ಕೆ ಹತ್ತು ನಿಮಿಷದ ಸ್ನೇಹ ಅದು. ಎದ್ದಮೇಲೆ ಅವಳು ತಕ್ಷಣ ಹೋಗುತ್ತಿರಲಿಲ್ಲ, ಕಿಟಕಿಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಚಹಾ ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ಇವಳ ಎಡಗೈಯ ಹತ್ತಿರ ಇಡುವಳು, ಇವಳು ನಂಬರ್ ಹೇಳಿ ಅನ್ನುತ್ತಾ ಒಂದು ಗುಟುಕು, ಏಳಕ್ಕೆ ಕೊಡ್ತಾ ಇದೀನಿ ಸಾರ್ ಅನ್ನುತ್ತಾ ಇನ್ನೊಂದು ಗುಟುಕು, ಏಳು ಅಂದರೆ ವಕೀಲರು, ಫೋನಿನಲ್ಲಿ ಕೂಗಿದರೆ ವಯರಿನ ಉದ್ದಕ್ಕೂ ಕೇಳುತ್ತದೆ ಅಂತ ನಂಬಿದ್ದವರು, ಅವರು ಮಾತಾಡುವಾಗ ಇಬ್ಬರೂ ಹೆಡ್‌ಸೆಟ್ಟಿನ ಎರಡು ಕಿವಿಗೆ ಒಂದೊಂದು ಕಿವಿ ಕೊಟ್ಟು ನಗು ಬಂದರೆ ಕೆನ್ನೆ ಒಳಗಿನಿಂದ ಕಚ್ಚಿಕೊಳ್ಳುವರು. ಕೇಳಬಾರದು, ಕೇಳುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಮೇಲಧಿಕಾರಿ ನಿಲ್ಲಿಸಿ ಹೇಳಿದ್ದು ಒಂದೇ ಮಾತು, ಲೈನಿನಲ್ಲಿ ಕಿವಿಗೆ ಬಿದ್ದಿದ್ದು ಬಾಯಿಗೆ ಬರಕೂಡದಮ್ಮ, ಬಂದ ದಿನ ಕೆಲಸ ಹೋಯ್ತು ಅಂತ ತಿಳ್ಕೊ. ಬರಲಿಲ್ಲ. ಯಾರ ಮಗಳು ಯಾರಿಗೆ ಫೋನು ಮಾಡುತ್ತಿದ್ದಳು, ಯಾವ ಅಣ್ಣತಮ್ಮ ಒಂದೇ ಗೋಡೆಯ ಆಚೀಚೆ ಇದ್ದುಕೊಂಡು ಫೋನಿನಲ್ಲೇ ಜಗಳವಾಡುತ್ತಿದ್ದರು, ಡಾಕ್ಟರು ಯಾರಿಗೆ ಇನ್ನು ಮೂರು ತಿಂಗಳು ಅಂದರು, ಎಲ್ಲ ಹೊಟ್ಟೆಯಲ್ಲಿ. ಎಷ್ಟು ಚೆನ್ನಾಗಿತ್ತು ಆ ಕೋಣೆ, ಓಣಿಯ ತುದಿಯಲ್ಲಿ, ಹೊಳೆಗೆ ಬೆನ್ನು ಹಾಕಿದ ಒಂದೇ ಅಂತಸ್ತಿನ ಕಟ್ಟಡ, ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ನಡುವೆ ಬಂದು ಹಿತ್ತಾಳೆಯ ರೆಪ್ಪೆಗಳ ಮೇಲೆ ಬಿದ್ದರೆ ಐವತ್ತು ಮನೆಯೂ ಒಟ್ಟಿಗೆ ಮಿನುಗುತ್ತಿತ್ತು, ಎಣ್ಣೆ ಹಾಕಿದ ಮರದ ವಾಸನೆ, ಬಿಸಿಯಾದ ರಬ್ಬರಿನ ವಾಸನೆ, ಚಹಾ. ಸಂಜೆ ಕೆಲವು ಸಲ ಅವಳು ದವಸದ ಅಂಗಡಿಗೆ ಬಂದವಳು ಅಲ್ಲಿನ ಫೋನಿನ ಹಿಡಿ ತಿರುಗಿಸುವಳು, ಟಕ್, ಹದಿನಾಲ್ಕು, ನಂಬರ್ ಹೇಳಿ, ಅಂದರೆ ದನಿ ದಪ್ಪ ಮಾಡಿಕೊಂಡು, ಮಧ್ಯಾಹ್ನದವಳಿಗೆ ಕೊಡಮ್ಮ, ಅನ್ನುವಳು, ಕೊಡ್ತೀನಿ ಸಾರ್, ಯಾರು ಅಂತ ಹೇಳಲಿ, ಬೆಳಗಿನವಳು ಅಂತ ಹೇಳು, ಆಕೆ ಬಿಡುವಾಗಿಲ್ಲ ಸಾರ್ ಚಹಾ ಕುಡೀತಾ ಇದಾಳೆ, ಇಬ್ಬರೂ ನಗುವರು, ಅಂಗಡಿಯವನು ಹಿಂದಿನಿಂದ ಏನಮ್ಮ ಅದು ಅಷ್ಟೊಂದು ನಗು ಅನ್ನುವುದೂ ಕೇಳುವುದು. ಈಗ ಅಂಗೈಯಗಲದ ಫೋನು ಮಗಳು ಕೊಡಿಸಿದ್ದಾಳೆ, ಮುಟ್ಟಿದರೆ ಸಾಕು ಎಲ್ಲಿಗೆ ಬೇಕಾದರೂ ಹೋಗುತ್ತದಂತೆ, ಹೋಗಲಿ ಪಾಪ, ಆ ನಗುವಿಗೆ ಕೊಡು ಅಂದರೆ ಕೊಡುತ್ತದೆಯೇ.

ಯಾಕಜ್ಜಿ ಎಡ ಭುಜ ಮೇಲೆ, ಅಂತ ಕನ್ನಡಕದ ಹುಡುಗಿ ಕೇಳಿದಳು. ಇವಳು, ಅವಳು ಕೂರೋದೇ ಹಾಗೆ ಕಣೆ, ಕೆಲವರಿಗೆ ಅಭ್ಯಾಸ ಇರುತ್ತೆ, ಅಂದಳು. ಹುಡುಗಿ ಬರೆದುಕೊಳ್ಳಲಿಲ್ಲ. ಇವತ್ತು ಯಾಕೋ ಈ ಹುಡುಗಿ ಬರೆದುಕೊಳ್ಳುತ್ತಿಲ್ಲ, ಪೆನ್ಸಿಲು ಕಿವಿಯ ಹಿಂದೆಯೇ ಇದೆ, ಮೇಜಿನ ಕೆಳಗಿನಿಂದ ಒಂದು ರಟ್ಟಿನ ಹಲಗೆ ತೆಗೆದು ಮುಂದಿಟ್ಟಳು, ದುಂಡಗೆ ಪೆನ್ಸಿಲಿನಲ್ಲಿ ಬರೆದ ಅಕ್ಷರ, ಬಣ್ಣ ತುಂಬಿಲ್ಲ ಇನ್ನೂ, ತನ್ನ ಪಾಳಿ ಮುಗಿದಿದ್ದರೂ ಆಸನ ಬಿಟ್ಟೇಳದೆ ಹದಿನೇಳು ಮನೆಗಳನ್ನು ಎಚ್ಚರಿಸಿದವಳು. ಇವಳಿಗೆ ಬಾಯಿಪಾಠ. ಅವಳು ಹೋದ ಮರುವರ್ಷ ವೃತ್ತದ ಹತ್ತಿರ ನೆಟ್ಟ ಕಲ್ಲಿನ ಮೇಲೆ ನಲವತ್ತೆರಡು ವರ್ಷದಿಂದ ಇರುವುದೂ ಇದೇ ಸಾಲು, ವರ್ಷಕ್ಕೊಮ್ಮೆ ಆ ದಿನ ಯಾರೋ ಒಬ್ಬರು ಬಂದು ಹೂವಿಟ್ಟು, ನೀವು ಅವರ ಜೊತೆ ಕೆಲಸ ಮಾಡಿದವರು, ಎರಡು ಮಾತು ಹೇಳಿ, ಅನ್ನುತ್ತಾರೆ, ಇವಳು ಎರಡೇ ಮಾತು ಹೇಳಿ ಬರುತ್ತಾಳೆ. ಅಜ್ಜಿ, ಅಂದಳು ಹುಡುಗಿ, ದನಿ ತಗ್ಗಿಸಿ, ನಿಮ್ಮ ಆಲ್ಬಮ್ಮಿನ ಒಂದು ಫೋಟೋ, ಜಡೆ ಹೇಗಿತ್ತು ಅಂತ ನೋಡೋಕೆ ತಗೊಂಡಿದ್ವಲ್ಲ. ಆಲ್ಬಮ್ಮು ಇವಳು ಕೊಟ್ಟದ್ದಲ್ಲ, ಇವಳು ಇಲ್ಲ ಎಲ್ಲೋ ಹೋಯ್ತು ಅನ್ನುತ್ತಿರುವಾಗಲೇ ಮಗಳು ಅಟ್ಟದಿಂದ ಇಳಿಸಿ, ತಗೊಳ್ರೇ, ನಮ್ಮಮ್ಮ ಹೀರೋಯಿನ್ ಥರ ಇದಾಳೆ ನೋಡಿ, ಅಂತ ಕೊಟ್ಟುಬಿಟ್ಟಳು, ಮಗಳಿಗೇನು ಗೊತ್ತು. ಅದರಲ್ಲಿ ನೀವು ವಾಚು ಕಟ್ಟಿದೀರಿ, ಕಂಪ್ಯೂಟರಲ್ಲಿ ದೊಡ್ಡದು ಮಾಡಿ ನೋಡಿದ್ವಿ ಅಜ್ಜಿ, ಎರಡು ಗಂಟೆ ಹತ್ತು ನಿಮಿಷ. ಫೋಟೋ ಹಿಂದೆ ಸ್ಟುಡಿಯೋದವರ ಮುದ್ರೆ ಇದೆ. ತಾರೀಕು ಇದೆ. ಕಲ್ಲಿನ ಮೇಲಿರೋ ಅದೇ ದಿನ. ಹುಡುಗಿ ನೆಲ ನೋಡುತ್ತಾ ಮೆಲ್ಲಗೆ ಹೇಳಿದಳು, ಅವರ ಪಾಳಿ ಎರಡಕ್ಕೆ ಮುಗೀತು ಅಂದ್ರೆ ನಿಮ್ಮದು ಎರಡಕ್ಕೆ ಶುರು ಅಲ್ವಾ ಅಜ್ಜಿ, ಮೇಷ್ಟ್ರಿಗೆ ನಾವು ಹೇಳಿಲ್ಲ, ಸಂಜೆ ಬಣ್ಣ ತುಂಬಬೇಕು, ಅದಕ್ಕೆ ಕೇಳ್ದೆ. ಮಣ್ಣಿನ ಹುಡುಗಿ ಡಬ್ಬಿಯ ನೀರಲ್ಲಿ ಸುಮ್ಮನೆ ಕೈ ತೊಳೆಯುತ್ತಿದ್ದಾಳೆ, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದಾಳೆ.

ವಾಚು ಅವಳದು. ಹಿಂದಿನ ದಿನ ಎರಡು ಗಂಟೆಗೆ ಕೈ ಇಟ್ಟಾಗ ಎದ್ದವಳು ಹೆಡ್‌ಸೆಟ್ಟಿನ ಜೊತೆಗೇ ಅದನ್ನೂ ಬಿಚ್ಚಿಕೊಟ್ಟಳು, ನಾಳೆ ಫೋಟೋಗೆ ಕಟ್ಕೊ, ಬರೀ ಕೈಲಿ ಚೆನ್ನಾಗಿರಲ್ಲ. ಊರಿಗೆಲ್ಲ ನಮ್ಮ ಗಂಟಲು ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ ಕಣೆ, ಒಂದು ಫೋಟೋ ತೆಗೆಸ್ಕೋಬೇಕು, ಅಂತ ಇವಳು ವರ್ಷದಿಂದ ಹೇಳುತ್ತಿದ್ದಳು, ಸ್ಟುಡಿಯೋದವನು ಎರಡು ಗಂಟೆ ಬಿಸಿಲು ಓರೆಯಾಗಿ ಬರುತ್ತೆ ಆಗಲೇ ಬನ್ನಿ ಅಂತ ಹಟ ಹಿಡಿದಿದ್ದ, ನಾಳೆ ಹತ್ತು ನಿಮಿಷ ತಡ ಮಾಡ್ಲಾ, ಅಂತ ಕೇಳಿದರೆ ಅವಳು, ಮಾಡು, ನಾನೇನು ಓಡಿಹೋಗ್ತೀನಾ, ಚೆನ್ನಾಗಿ ನಗು, ಅಂದಳು. ಮೂರು ದಿನ ಸುರಿದ ಮಳೆ ಅವತ್ತು ಬಿಟ್ಟಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು, ಆದರೆ ಎರಡಕ್ಕೆ ಸರಿಯಾಗಿ ಒಂದು ಮೋಡ ಬಂದು ಸ್ಟುಡಿಯೋದ ಗಾಜಿನ ಮಾಡಿನ ಮೇಲೆ ನಿಂತಿತು, ಸ್ಟುಡಿಯೋದವನು ಕರಿಬಟ್ಟೆಯ ಒಳಗೆ ಹೋಗುತ್ತಾನೆ, ಬರುತ್ತಾನೆ, ತಾಳಿ ಅಕ್ಕ, ಬೆಳಕು ಬರಲಿ, ಇವಳು ಅವನ ಟೆಲಿಫೋನನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಿವಿಗೆ ಹಿಡಿದು ಕೂತಿದ್ದಾಳೆ, ದಿನಾ ಎಂಟು ಗಂಟೆ ಟೆಲಿಫೋನಿನ ಜೊತೆ ಏಗುವವಳಿಗೆ ಫೋಟೋಕ್ಕೂ ಅದೇ ಬೇಕೇ, ಬೇಕಾಗಿತ್ತು, ಮಣಿಕಟ್ಟು ಓರೆ ಮಾಡಿ ವಾಚು ಕಾಣುವ ಹಾಗೆ, ತುಟಿಯ ಮೇಲೆ ಯಾರೋ ಏನೋ ಸಿಹಿಸುದ್ದಿ ಹೇಳುತ್ತಿರುವ ಹಾಗೆ ನಗು. ಬೆಳಕು ಬಂತು, ಕ್ಲಿಕ್ ಅಂತು, ಎರಡು ಹತ್ತು. ಕಿವಿಯಿಂದ ತೆಗೆದು ಫೋನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಇನ್ನೊಂದು ತೆಗೀಲಾ ಅಕ್ಕ ಅಂದವನಿಗೆ ಬೇಡಪ್ಪ ಅವಳು ಬೈತಾಳೆ ಅನ್ನುತ್ತಿರುವಾಗ, ಅದೇ ಫೋನು ಟ್ರಿಂಗ್ ಅಂತು. ಕೈ ಹತ್ತಿರ ಇತ್ತು, ಇವಳೇ ಎತ್ತಿದಳು. ನೀನಾ, ಅಂದಿತು ಅವಳ ದನಿ. ನಾನೇ ಕಣೆ, ಬಂದೆ, ಹೊರಟೇ ಬಿಟ್ಟೆ, ಹತ್ತೇ ನಿಮಿಷ. ಬರಬೇಡ, ಅಂದಳು ಅವಳು. ಬೈಯುತ್ತಿಲ್ಲ, ಪರಊರಿಗೆ ಟ್ರಂಕ್ ಕಾಲ್ ಕೇಳಿದವರಿಗೆ ಲೈನು ಬಿಡುವಿಲ್ಲ ಅಂತ ಹೇಳುವ ದನಿಯಲ್ಲೇ, ಅಷ್ಟೇ ಸಾವಧಾನವಾಗಿ, ಮೇಲೆ ಡ್ಯಾಮು ಒಡೆದಿದೆ, ಈಗ ಸುದ್ದಿ ಬಂತು, ಸ್ಟುಡಿಯೋದವರನ್ನ ಕರ್ಕೊಂಡು ಗುಡ್ಡ ಹತ್ತು, ಈ ಕಡೆ ಬರಲೇಬೇಡ. ಮತ್ತೆ ನೀನು, ಅಂದಳು ಇವಳು. ಅವಳು ನಕ್ಕಳು. ದವಸದ ಅಂಗಡಿಯಿಂದ ನಗುತ್ತಿದ್ದ ಅದೇ ನಗು. ನೀನು ಬಂದು ಕೈ ಇಡದೆ ನಾನು ಹೇಗೆ ಏಳ್ಲಿ ಹೇಳು, ಅಂದಳು, ಟಕ್, ವಯರು ಕಿತ್ತ ಸದ್ದು, ಇನ್ನೊಬ್ಬರಿಗೆ ಕೊಡಬೇಕಾಗಿತ್ತಲ್ಲ.

ಬರಬೇಡ ಅಂದಳು. ನೀನು ಬರದೆ ಹೇಗೆ ಏಳಲಿ ಅಂದಳು. ಎರಡನ್ನೂ ಒಂದೇ ಉಸಿರಿನಲ್ಲಿ ಅಂದಳು, ಇವಳು ಮೊದಲಿನದನ್ನು ಕೇಳಿದಳು, ಗುಡ್ಡ ಹತ್ತಿದಳು, ಸ್ಟುಡಿಯೋದವನು ಕ್ಯಾಮೆರಾವನ್ನು ಎದೆಗೊತ್ತಿಕೊಂಡು ಹಿಂದೆ, ಎರಡೂ ಇಪ್ಪತ್ತೈದಕ್ಕೆ ನೀರು ಓಣಿಗೆ ಬಂದದ್ದನ್ನು ಮೇಲಿನಿಂದ ನೋಡಿದಳು, ಸ್ವಲ್ಪ ಹೊತ್ತು ಎಕ್ಸ್‌ಚೇಂಜಿನ ಹೆಂಚು ಕಾಣುತ್ತಿತ್ತು, ಆಮೇಲೆ ಹೆಂಚೂ ಕಾಣಲಿಲ್ಲ. ಎರಡನೆಯ ಮಾತನ್ನು ಕೇಳಿ ಓಡಿದ್ದರೆ — ಹತ್ತು ನಿಮಿಷದ ದಾರಿ, ನೀರಿಗಿಂತ ಮುಂಚೆ ಮುಟ್ಟುತ್ತಿದ್ದಳೋ ಏನೋ, ಕೈ ಇಟ್ಟಿದ್ದರೆ ಅವಳು ಎದ್ದಿರುತ್ತಿದ್ದಳೋ ಏನೋ, ಅಥವಾ ಇಬ್ಬರೂ ಅಲ್ಲೇ. ಕೇಂದ್ರ ಕಚೇರಿಯಿಂದ ಬಂದ ಸಾಹೇಬರು ಕಾಗದ ಮುಂದಿಟ್ಟುಕೊಂಡು ಆಗ ನೀನೆಲ್ಲಿದ್ದೆಯಮ್ಮ ಅಂತ ಕೇಳಿದರು, ದಾರೀಲಿದ್ದೆ ಸಾರ್, ಅಂದಳು, ಅಷ್ಟೇ, ಒಂದು ಮಾತು, ಅವರು ಬರೆದುಕೊಂಡರು, ಪಾಪ, ನೀರು ತಡೆದಿರಬೇಕು, ಅಂತ ಅವರೇ ಸಮಾಧಾನ ಹೇಳಿದರು. ಹದಿನೇಳು ಮನೆಯವರು ಒಬ್ಬೊಬ್ಬರಾಗಿ ಬಂದು ನಮಗೆ ಫೋನು ಬಂತು, ನಮಗೂ ಬಂತು, ಅಂತ ಕಣ್ಣೀರಿಟ್ಟು ಹೇಳಿದರು, ವಕೀಲರು, ಡಾಕ್ಟರು, ಗಂಟೆ ಕೇಳುವ ಅಜ್ಜಿಯನ್ನು ಹೊತ್ತು ಓಡಿದ ಅವಳ ಪಕ್ಕದ ಮನೆಯವರು, ಲೆಕ್ಕ ಹದಿನೇಳಕ್ಕೆ ನಿಂತಿತು. ಸ್ಟುಡಿಯೋದವನು ತಿಂಗಳಾದ ಮೇಲೆ ಬಂದು ಫೋಟೋ ಕೈಗಿಟ್ಟು, ಬೇರೆ ಊರಿಗೆ ಹೋಗಿಬಿಟ್ಟ, ಫೋಟೋ ತೆಗೆದ ದಿನದ ಮುದ್ರೆ ಮಾತ್ರ ಒತ್ತಿದ್ದ, ಅಭ್ಯಾಸ. ವಾಚು ಕೊಡಲು ಹೋದಾಗ ಅವಳ ಅಮ್ಮ ಅದನ್ನು ತಿರುಗಿ ಇವಳ ಮಣಿಕಟ್ಟಿಗೇ ಕಟ್ಟಿ, ಅವಳಾಗೇ ಕೊಟ್ಟಿದ್ದಲ್ವಾ ಮಗಳೇ, ನಿನ್ನ ಹತ್ರನೇ ಇರಲಿ, ಅಂದರು, ಆವತ್ತು ಹೇಳಬೇಕಿತ್ತು, ಗಂಟಲವರೆಗೂ ಬಂತು. ಲೈನಿನಲ್ಲಿ ಕಿವಿಗೆ ಬಿದ್ದದ್ದು ಬಾಯಿಗೆ ಬರಕೂಡದು. ಈ ಮಾತಿನ ಹಿಂದೆ ಎಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡೆ, ನಲವತ್ತಮೂರು ವರ್ಷ, ಅವಳ ಹೆಸರಿಗೆ ಕುಂದು ಬರಬಾರದು ಅಂತ ನನಗೆ ನಾನೇ ಹೇಳಿಕೊಂಡು, ಪಾಳಿ ಮುಗಿದರೂ ಏಳಲಿಲ್ಲ ಅಂದರೆ ದೊಡ್ಡವಳು, ಇನ್ನೊಬ್ಬಳು ಬರಲಿಲ್ಲ ಅದಕ್ಕೆ ಏಳಲಿಲ್ಲ ಅಂದರೆ ಬರೀ ಪಾಪದವಳು, ಅವಳು ಕಲ್ಲಿನ ಮೇಲೆ ದೊಡ್ಡವಳಾಗಿಯೇ ಇರಲಿ — ಸುಳ್ಳು, ಬಚ್ಚಿಟ್ಟದ್ದು ನನ್ನನ್ನು. ಕೊನೆಗೆ ಏನಾಯಿತು, ನನ್ನ ತಡವನ್ನು ಮುಚ್ಚಲು ಹೋಗಿ ಅವಳು ಮಾಡಿದ ಒಂದು ಫೋನನ್ನೇ ನುಂಗಿಬಿಟ್ಟೆ. ತನ್ನನ್ನು ಎಬ್ಬಿಸಬೇಕಾದವಳಿಗೆ ತಾನೇ ಫೋನು ಮಾಡಿ ಬರಬೇಡ ಅಂದಳಲ್ಲ, ಅದಕ್ಕಿಂತ ದೊಡ್ಡದು ಆ ಹದಿನೇಳರಲ್ಲಿ ಯಾವುದಿದೆ.

ಅಜ್ಜಿ, ನೀರು ಬೇಕಾ, ಅಂತ ಯಾರೋ ಕೇಳುತ್ತಿದ್ದಾರೆ. ಬೇಡ. ಇನ್ನೊಂದು ವಯರು ಇದೆಯೇನಮ್ಮ ನಿಮ್ಮ ಹತ್ರ, ಅಂದಳು ಇವಳು. ಇದೆ ಅಜ್ಜಿ, ಯಾಕೆ. ಹದಿನೆಂಟು ಅವು, ಹದಿನೇಳಲ್ಲ, ನಲವತ್ತೊಂದನೇ ನಂಬರಿಗೆ ಚುಚ್ಚು, ಕೆಳಗಿನ ಸಾಲು, ಕೊನೆಯಿಂದ ಹತ್ತನೇದು, ಅದು ಫೋಟೋ ಸ್ಟುಡಿಯೋ, ಫೋನು ಎತ್ತಿದ್ದು ನಾನೇ. ಹೇಳಿದಳು. ಮೋಡ ಹೇಳಿದಳು, ವಾಚು ಹೇಳಿದಳು, ಬರಬೇಡ ಅಂದದ್ದನ್ನೂ ನಕ್ಕದ್ದನ್ನೂ ಹೇಳಿದಳು, ದಾರೀಲಿದ್ದೆ ಸಾರ್ ಅಂದದ್ದನ್ನೂ ಬಿಡಲಿಲ್ಲ, ನಂಬರ್ ಹೇಳಿ ಅನ್ನುವ ಹಳೆಯ ದನಿಯೇ ಎಲ್ಲಿಂದಲೋ ಎದ್ದುಬಂದು ಉದ್ದಕ್ಕೂ ಕೈ ಹಿಡಿದು ನಡೆಸಿತು. ಕನ್ನಡಕದ ಹುಡುಗಿ ಕನ್ನಡಕ ತೆಗೆದು ಲಂಗದ ಅಂಚಿನಿಂದ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು, ಆಮೇಲೆ ರಟ್ಟಿನ ಹಲಗೆ ಎಳೆದುಕೊಂಡು ಕಿವಿಯ ಹಿಂದಿನ ಪೆನ್ಸಿಲು ತೆಗೆದು, ರಬ್ಬರು ಎಲ್ಲೇ, ಅಂತ ಜೊತೆಯವಳನ್ನು ಕೇಳಿ, ಪಾಳಿ ಮುಗಿದಿದ್ದರೂ ಅನ್ನುವುದನ್ನು ಅಳಿಸಿದಳು, ಅಳಿಸಿದ ಪುಡಿಯನ್ನು ಊದಿದಳು, ಖಾಲಿ ಜಾಗ ನೋಡುತ್ತಾ ಕೂತಳು. ನೀವು ತಪ್ಪು ಮಾಡಿದ್ರಿ ಅಂತ ಬರೆಯಲ್ಲ ಅಜ್ಜಿ, ಅಂದಳು. ಬರಿ ಬೇಕಾದ್ರೆ, ಅಂದಳು ಇವಳು. ಇಲ್ಲ, ಅವರು ಯಾರಿಗೋ ಕಾಯ್ತಾ ಇದ್ರು ಅಂತ ಬರೀತೀನಿ, ಕಾಯ್ತಾ ಇದ್ದವರಿಗೇ ಬರಬೇಡ ಅಂದ್ರು ಅಂತ ಬರೀತೀನಿ, ಆಗಬಹುದಾ. ಈ ಹುಡುಗಿಗೆ ಒಂದು ದಿನ ಚೆಂಡು ವಾಪಸು ಕೊಡದೆ ಸತಾಯಿಸಿದ್ದೆನಲ್ಲ, ಅಂತ ಇವಳಿಗೆ ಯಾಕೋ ಆಗ ನೆನಪಾಯಿತು, ಅಳು ಬಂದದ್ದು ಆಗ.

ಅಜ್ಜಿ ಒಂದು ನಿಮಿಷ ಬನ್ನಿ ಇಲ್ಲಿ, ಅಂದಳು ಮಣ್ಣಿನ ಹುಡುಗಿ, ಅವಳಿಗೆ ಅಳು ಗಿಳು ಎಲ್ಲ ಆಮೇಲೆ, ಮಣ್ಣು ಒಣಗುತ್ತಿದೆ, ಎಲ್ಲಿ ಇಡ್ತಿದ್ರಿ ಕೈ, ಕುತ್ತಿಗೆ ಹತ್ರನಾ, ತುದಿಗಾ, ಯಾವ ಕೈ, ಎಷ್ಟು ಒತ್ತಿ, ತೋರಿಸಿ, ನೀವೇ ಇಡಿ, ಗುರುತು ಬಿದ್ರೆ ಬೀಳಲಿ, ಹಾಗೇ ಬಿಡ್ತೀವಿ. ಎದ್ದಳು, ಮಂಡಿ ಕಟಕ್ ಅಂತು, ಹಿಂದಿನಿಂದ ಬರಬೇಕು, ಹಿಂದಿನಿಂದಲೇ, ನಾಲ್ಕು ಹೆಜ್ಜೆ, ಬಾಗಿಲಿನಿಂದ ಕುರ್ಚಿಗೆ ಆಗಲೂ ನಾಲ್ಕೇ ಹೆಜ್ಜೆ, ಬೆನ್ನು, ಒಂಟಿ ಜಡೆ, ಕಮಾನಿನ ಅಡಿಯ ಕರವಸ್ತ್ರ, ಮುಂದೆ ಹದಿನೆಂಟು ಕೆಂಪು ವಯರು, ಕೊನೆಯದು ಇನ್ನೂ ಅಲ್ಲಾಡುತ್ತಿದೆ, ಈಗಷ್ಟೇ ಚುಚ್ಚಿದ್ದು. ಎಡಗೈ, ಅಂದಳು ಇವಳು, ಬಲಗೈಯಲ್ಲಿ ಚೀಲ ಇರುತ್ತಿತ್ತಲ್ಲ, ಎಡಗೈ, ಇಲ್ಲಿ, ತುದಿಯಲ್ಲಲ್ಲ ಕುತ್ತಿಗೆಯ ಹತ್ತಿರವೂ ಅಲ್ಲ, ಹೀಗೆ. ತಣ್ಣಗಿತ್ತು, ನೀರಿನ ಹಾಗೆ ತಣ್ಣಗೆ, ನಾಲ್ಕು ಬೆರಳ ಅಡಿಯಲ್ಲಿ ಮಣ್ಣು ಒಂದು ಕೂದಲೆಳೆಯಷ್ಟು ಒಳಗೆ ಸರಿಯಿತು. ಬಂದೆ, ಏಳು, ಅಂದಳು ಪಿಸುಮಾತಿನಲ್ಲಿ, ಮಕ್ಕಳಿಗೂ ಕೇಳಲಿಲ್ಲ, ಲೈನಿನಲ್ಲಿ ಯಾರಾದರೂ ಇದ್ದಿದ್ದರೆ ಅವರಿಗೂ ಕೇಳುತ್ತಿರಲಿಲ್ಲ. ಎದ್ದೆ, ಕೂರು, ಅನ್ನಬೇಕು ಈಗ. ಹೆಡ್‌ಸೆಟ್ಟು ತೆಗೆಯಬೇಕು, ಕರವಸ್ತ್ರ ಮಡಿಸಬೇಕು, ಕಿಟಕಿಕಟ್ಟೆಯ ಮೇಲೆ ಎರಡು ಲೋಟ ಇಡಬೇಕು, ನಿನ್ನ ಫೋಟೋ ಹೇಗೆ ಬಂತೇ ಅಂತ ಕೇಳಬೇಕು. ಆಯ್ತಜ್ಜಿ, ಕೈ ತೆಗೀಬಹುದು, ಅನ್ನುತ್ತಿದ್ದಾಳೆ ಹುಡುಗಿ. ತೆಗೆದಳು. ನಾಲ್ಕು ಬೆರಳ ಗುರುತು, ಅದರ ಕೆಳಗೆ ಎಡ ಭುಜ, ಇಳಿದಿಲ್ಲ, ಕೈ ಬಿದ್ದ ಮೇಲೆ ಇಳಿಯಬೇಕಿತ್ತು, ಇಳಿದಿಲ್ಲ, ಮೇಲೆಯೇ ಇದೆ, ಒಂದು ಬೆರಳಿನಷ್ಟು — ಎಡ ಭುಜ, ಒಂದು ಬೆರಳಿನಷ್ಟು ಮೇಲೆ.